ಸಾರಿದ ಶಾಸನ

ಮಲ್ಲೇಶ್ವರದ ಕಾಡುಮಲ್ಲೇಶ್ವರನ ಗುಡಿಯ ಬಳಿ ಬಂಡೆಯೊಂದರ ಮೇಲೆ 1669ನೆಯ ಇಸವಿಯ ಶಾಸನವೊಂದುಂಟು. ಷಹಾಜಿಯ ಮಗನೂ ಶಿವಾಜಿಯ ಮಲಸೋದರನೂ ಆದ ಏಕೋಜಿಯು ಬೆಂಗಳೂರು ಸೀಮೆಯನ್ನು ಆಳುತ್ತಿದ್ದ ಕಾಲವದು. ಅಂದು ಮಲ್ಲಪುರವೆನಿಸಿದ್ದ ಈ ಸ್ಥಳದ ಮಲ್ಲಿಕಾರ್ಜುನ ದೇವರ ಸೇವೆಗಾಗಿ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನು ಆ ಶಾಸನವು ತಿಳಿಸುತ್ತದೆ. ದತ್ತಿಯ ಆಜ್ಞೆಯನ್ನು ಓಲೆಯಲ್ಲಿ ಬರೆದು ಕಚೇರಿಯ ಕಡತಕ್ಕೆ ಸೇರಿಸಿದ್ದರೆ ಅದು ಕರಣಿಕನೊಬ್ಬನಿಗೆ ಮಾತ್ರ ಗೊತ್ತಿರುತ್ತಿದ್ದಿತು. ಆತನು ತೀರಿಕೊಂಡ ಮೇಲೆ ಅದೂ ಇಲ್ಲ. ಬಂಡೆಯ ಮೇಲೆ ಕಂಡರಿಸಿದುದರಿಂದ ಗ್ರಾಮವನ್ನು ಉಳುವವನಿಗೂ, ಗುಡಿಯಲ್ಲಿ ಪೂಜಿಸುವವನಿಗೂ, ಮುಂದೆ ಈ ನಾಡಿಗೆ ಬರಲಿದ್ದ ಒಡೆಯನಿಗೂ ಅದು ಸಮಾನವಾಗಿ ಗೋಚರವಾಯಿತು. ಏಕೋಜಿಯು ತಂಜಾವೂರಿಗೆ ತೆರಳಿ ಅಲ್ಲಿ ರಾಜ್ಯವನ್ನು ಕಟ್ಟಿದನು. ಬೆಂಗಳೂರು 1687ರಲ್ಲಿ ಮೊಗಲರ ಕೈಸೇರಿ, ಬಳಿಕ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು. ಆಳುವವರು ಇಷ್ಟು ಬೇಗ ಬೇಗನೆ ಬದಲಾದರೂ ಬಂಡೆಯು ಮಾತ್ರ ತನಗೆ ವಹಿಸಿದ ಸುದ್ದಿಯನ್ನು ಬಂದವರಿಗೆಲ್ಲ ಹೇಳುತ್ತಲೇ ಇದ್ದಿತು.

ಅರಸನ ಇಚ್ಛೆಯು ಪ್ರಜೆಯನ್ನು ಕಟ್ಟುವ ಕಟ್ಟಳೆಯಾಗುವುದು ಯಾವ ಗಳಿಗೆಯಲ್ಲಿ? ಅವನು ಮನಸ್ಸಿನಲ್ಲಿ ಸಂಕಲ್ಪಿಸಿದಾಗಲೊ, ಮುದ್ರೆಯನ್ನು ಒತ್ತಿದಾಗಲೊ, ಅಥವಾ ಪ್ರಜೆಯ ಕಣ್ಣಿಗೊ ಕಿವಿಗೊ ಅದು ಬಿದ್ದಾಗಲೊ? ಮೂರನೆಯದೇ ಸರಿಯೆಂದು ಲೋಕದ ಬಹು ಜನಾಂಗಗಳು ಬಹು ಹಿಂದೆಯೇ ಕಂಡುಕೊಂಡವು; ಆ ಕ್ರಿಯೆಗಾಗಿ ಒಂದು ಗಂಭೀರವಾದ ಪದವನ್ನೂ ಮೀಸಲಿಟ್ಟವು. ಇಂದಿನ ನಮ್ಮ ಕಾನೂನಿನ ಕನ್ನಡದಲ್ಲಿ ರಾಜ್ಯಪಾಲರು ಅಧ್ಯಾದೇಶವನ್ನು ‘ಪ್ರಖ್ಯಾಪಿಸುತ್ತಾರೆ’. ಖ್ಯಾತಿ, ಆಖ್ಯಾನ, ವ್ಯಾಖ್ಯಾನಗಳ ಧಾತುವೇ ಇದರಲ್ಲಿಯೂ ಇರುವುದು: ಎಲ್ಲರಿಗೂ ತಿಳಿಯುವಂತೆ ಹೇಳಿಸುವುದೆಂದು ಅರ್ಥ. ಪೇಟೆಯ ಜನ ಆಡುತ್ತಿದ್ದ ಮಾತುಗಳು ಬೇರೆ; ಸಾರುವುದು, ಡಂಗುರ ಹೊಡೆಸುವುದು, ಜಾಹೀರು ಮಾಡುವುದು, ಜಾರಿಗೆ ತರುವುದು. ಕೊನೆಯೆರಡು ಅರಬ್ಬಿ ಮೂಲದಿಂದ ಪಾರಸಿಯ ದಾರಿಯಾಗಿ ನಮ್ಮ ಕಚೇರಿಗಳಿಗೆ ಬಂದುವು. ಜಾಹೀರೆಂದರೆ ಹೊರಗೆ ಕಾಣುವುದು, ಜಾರಿಯೆಂದರೆ ಹರಿಯುವುದು. ಇಂಗ್ಲಿಷರ ‘ಪ್ರಾಮಲ್ಗೇಟ್’ ಎಂಬ ಕ್ರಿಯಾಪದವು ಲ್ಯಾಟಿನ್ ಭಾಷೆಯ ‘ಪ್ರೋಮುಲ್ಗಾರೆ’ಯಿಂದ ಹುಟ್ಟಿದುದು. ಅದರ ನಿಷ್ಪತ್ತಿಯಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಜನಸಾಮಾನ್ಯ ಎಂಬರ್ಥದ ‘ವುಲ್ಗುಸ್’ ಶಬ್ದಕ್ಕೆ ಅದನ್ನು ಜೋಡಿಸಿ, ಜನರ ನಡುವೆ ಇಡುವುದೆಂದು ಪ್ರಾಚೀನ ವೈಯಾಕರಣ ಫೆಸ್ಟಸ್ ವಿವರಿಸಿದ್ದಾನೆ. ಹಾಲು ಕರೆಯುವುದೆಂಬ ಅರ್ಥದ ಧಾತುವಿಗೆ ಸೇರಿಸಿ, ಒಳಗಿನದನ್ನು ಹೊರಕ್ಕೆ ತೆಗೆಯುವುದೆಂದು ಹೇಳುವವರೂ ಇದ್ದಾರೆ.

ರೋಮಿನಲ್ಲಿ ಈ ಪದಕ್ಕೆ ಇದ್ದ ಆಚರಣೆಯು ಅದರ ವ್ಯುತ್ಪತ್ತಿಗಿಂತಲೂ ಮನನೀಯವಾದುದು. ಕಾನೂನು ಪುರೋಹಿತರ ಮತ್ತು ಕುಲೀನರ ನಾಲಗೆಯ ಮೇಲೆ ಮಾತ್ರ ಇದ್ದ ಕಾಲದಲ್ಲಿ ಸಾಮಾನ್ಯ ಜನರು ಅದು ಬರವಣಿಗೆಗೆ ಇಳಿಯಬೇಕೆಂದು ಹಟಹಿಡಿದರು. ಕ್ರಿಸ್ತಪೂರ್ವ 450ರ ಸುಮಾರಿನಲ್ಲಿ ಹನ್ನೆರಡು ಫಲಕಗಳ ಕಾನೂನು ಹೊರಬಂದುದು ಆ ಹೋರಾಟದ ಫಲ. ಕಾಲಾನಂತರದಲ್ಲಿ, ಹೊಸ ಮಸೂದೆಯನ್ನು ಜನರ ಮತಕ್ಕೆ ಹಾಕುವ ಮುನ್ನ ಮೂರು ಸಂತೆಗಳಷ್ಟು ಕಾಲ ಅದನ್ನು ಸಾರ್ವಜನಿಕವಾಗಿ ತೋರಿಸಿರಬೇಕೆಂಬ ನಿಯಮವಾಯಿತು. ಕ್ರಿಸ್ತಪೂರ್ವ 98ರ ಶಾಸನವೊಂದು ಅದನ್ನು ದೃಢಪಡಿಸಿತು. ಹಳ್ಳಿಗಾಡಿನವರು ನಗರಕ್ಕೆ ಬರುತ್ತಿದ್ದುದು ಸಂತೆಯ ದಿನ. ಮೊದಲ ಸಂತೆಗೆ ಬಾರದವನು ಎರಡನೆಯದಕ್ಕೆ ಬಂದಾನು, ಎರಡನೆಯದಕ್ಕೂ ತಪ್ಪಿದವನು ಮೂರನೆಯದಕ್ಕೆ ಬಂದಾನು ಎಂಬ ಲೋಕಜ್ಞಾನವು ಆ ನಿಯಮದಲ್ಲಿ ಅಡಗಿದೆ. ಸಂತೆಯ ದಿನವನ್ನು ನೋಡಿ ಡಂಗುರ ಹೊಡೆಸುತ್ತಿದ್ದ ನಮ್ಮ ನಾಡಿನ ಅಧಿಕಾರಿಗಳಿಗೆ ರೋಮಿನ ಸುದ್ದಿ ಗೊತ್ತಿರಲಿಲ್ಲ. ಜನರು ಸೇರುವ ಜಾಗವಾವುದೆಂಬುದು ಗೊತ್ತಿದ್ದಿತು.

ನಮ್ಮಲ್ಲಿ ಈ ಸಂಪ್ರದಾಯವು ಎಷ್ಟು ಹಿಂದಿನದೆಂಬುದನ್ನು ತಿಳಿಸಿಕೊಟ್ಟವರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರು ಅಗ್ರಗಣ್ಯರು. 1892ರಲ್ಲಿ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮವನ್ನು ವಿಚಾರಿಸಿ, ಬಳಿಕ ದೇವಾನಾಂಪ್ರಿಯನೆನಿಸಿದ ಅಶೋಕನ ಆಜ್ಞೆಯನ್ನು ತಿಳಿಸುವ ಒಕ್ಕಣೆ ಅಲ್ಲಿದೆ. ಕೊನೆಗೆ ಚಪಡನೆಂಬ ಲಿಪಿಕಾರನ ಹೆಸರೂ ಇದೆ. ಆಜ್ಞೆಯು ಯಾರಿಂದ ಹೊರಟು, ಯಾರ ಮೂಲಕ ಹಾದು, ಯಾರ ಕೈಯಲ್ಲಿ ಕಲ್ಲಿನ ಮೇಲೆ ಇಳಿಯಿತೆಂಬುದನ್ನು ಇಷ್ಟು ವಿಶದವಾಗಿ ಹೇಳುವ ಪ್ರಾಚೀನ ದಾಖಲೆಗಳು ವಿರಳ. ಬಳ್ಳಾರಿ ಸೀಮೆಗೆ ಅನತಿದೂರದಲ್ಲಿರುವ ಎರ್ರಗುಡಿಯ ಪಾಠದಲ್ಲಿ ಇನ್ನೂ ಒಂದು ಸಂಗತಿಯುಂಟು: ರಜ್ಜುಕನೆಂಬ ಅಧಿಕಾರಿಗೆ ಆಜ್ಞಾಪಿಸತಕ್ಕದ್ದು, ಅವನು ಭೇರಿಯನ್ನು ಬಾರಿಸಿ ಜನಪದಕ್ಕೆ ಆಜ್ಞಾಪಿಸತಕ್ಕದ್ದು ಎಂದು ಅದು ವಿಧಿಸುತ್ತದೆ. ಓದಬಲ್ಲವರಿಗೆ ಕಲ್ಲು, ಓದಲಾರದವರಿಗೆ ಭೇರಿ. ಕಲ್ಲು ಮಾತನ್ನು ಕದಲದಂತೆ ನಿಲ್ಲಿಸಿತು, ಭೇರಿ ಅದನ್ನು ಊರೂರಿಗೆ ನಡೆಸಿತು; ಇವೆರಡೂ ಜೊತೆಯಾಗಿ ಬೇಕೆಂಬ ತಿಳಿವಳಿಕೆ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಈ ನೆಲಕ್ಕೆ ಬಂದಿದ್ದಿತು. ಮುಂದಿನ ರಾಜ್ಯಗಳು ಆಡಳಿತದಲ್ಲಿ ಎಡವಿದಾಗಲೆಲ್ಲ ಈ ಎರಡರಲ್ಲಿ ಒಂದನ್ನು ಮರೆತಿದ್ದುವೆಂದು ನನ್ನ ನಂಬಿಕೆ.

ವಿಜಯನಗರದ ಬುಕ್ಕರಾಯನು 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವಿವಾದವನ್ನು ತೀರ್ಮಾನಿಸಿದಾಗ ಆ ತೀರ್ಪು ಶ್ರವಣಬೆಳಗೊಳದಲ್ಲಿ ಕಲ್ಲಿನ ಮೇಲೆ ನಿಂತಿತು. ಬೆಂಗಳೂರಿಗೆ ಸಮೀಪವಾದ ಮಾಗಡಿ ಸೀಮೆಯ ಕಲ್ಯದಲ್ಲಿಯೂ ಅದರ ಪ್ರತಿ ನಿಂತಿತು. ತೀರ್ಪು ಸಂಬಂಧಪಟ್ಟ ಜನರಿರುವ ಕಡೆಯಲ್ಲೆಲ್ಲ ಕಾಣಬೇಕೆಂಬುದೇ ಅದರ ಉದ್ದೇಶ.

ಕಲ್ಲುಗಳು ಉಳಿದಿವೆಯಾದುದರಿಂದ ಅವನ್ನು ಕುರಿತು ಬರೆಯುವವರು ಬಹುಮಂದಿ. ಡಂಗುರದ ದನಿ ಗಾಳಿಯಲ್ಲಿ ಕರಗಿಹೋದುದರಿಂದ ಅದರ ಚರಿತ್ರೆಯನ್ನು ಬರೆದವರು ಕಡಮೆ. ದುಂಡನೆಯ ಚೌಕಟ್ಟಿಗೆ ಚರ್ಮವನ್ನು ಬಿಗಿದ ತಮಟೆ. ತಣ್ಣಗಿದ್ದರೆ ಅದು ಮಂಕಾಗಿ ನುಡಿಯುವುದಾದ್ದರಿಂದ ಹುಲ್ಲಿನ ಉರಿಗೆ ಹಿಡಿದು ಕಾಯಿಸಬೇಕು. ಕಾದ ಮೇಲೆ ಒಂದು ಕೈಯಲ್ಲಿ ದಪ್ಪನೆಯ ಮೋಟು ಕೋಲು, ಇನ್ನೊಂದು ಕೈಯಲ್ಲಿ ಸಣ್ಣನೆಯ ಉದ್ದ ಕಡ್ಡಿ. ತೋಟಿಯೊ ತಳವಾರನೊ ಚಾವಡಿಯ ಮುಂದೆ ಒಮ್ಮೆ, ಗುಡಿಯ ಬಳಿ ಒಮ್ಮೆ, ಕೇರಿಗಳು ಕೂಡುವ ಕಡೆಗಳಲ್ಲಿ ಒಮ್ಮೊಮ್ಮೆ ನಿಂತು, ಬಾರಿಸಿ, ನಿಲ್ಲಿಸಿ, “ಕೇಳ್ರಪ್ಪೋ ಕೇಳಿ” ಎಂದು ಕೂಗಿ, ಕಂದಾಯದ ಗಡುವನ್ನೊ, ಕೆರೆಯ ಕೆಲಸಕ್ಕೆ ಆಳು ಬರಬೇಕೆಂಬುದನ್ನೊ, ಹರಾಜಿನ ದಿನವನ್ನೊ ಸಾರುವನು. ಶಾನುಭೋಗನು ಕಾಗದದಲ್ಲಿ ಬರೆದ ಕಠಿನವಾದ ಒಕ್ಕಣೆಯು ಅವನ ಬಾಯಲ್ಲಿ ಊರ ಮಾತಾಗಿ ಹೊರಬರುತ್ತಿದ್ದಿತು. ಸರ್ಕಾರಕ್ಕೂ ಪ್ರಜೆಗೂ ನಡುವೆ ನಿಜವಾದ ಭಾಷಾಂತರಕಾರನು ಅವನೇ. ಆದರೆ ಯಾರ ಹಿತಕ್ಕಾಗಿ ಅವನು ಗಂಟಲು ಹರಿದುಕೊಳ್ಳುತ್ತಿದ್ದನೊ ಅವರಲ್ಲಿ ಅನೇಕರ ಜಗಲಿಯನ್ನು ಏರುವ ಹಕ್ಕು ಅವನಿಗಿರಲಿಲ್ಲ. ರಾಜಾಜ್ಞೆಯನ್ನು ಹೊತ್ತ ನಾಲಗೆಗೆ ಬೀದಿಯ ಅಂಚೇ ಪೀಠ. ಈ ಅನ್ಯಾಯವನ್ನು ಬಿಟ್ಟು ಡಂಗುರದ ಸೊಗಸನ್ನು ಮಾತ್ರ ಹೇಳುವುದು ಸತ್ಯಕ್ಕೆ ಸಲ್ಲದು. ಹರಿದಾಸರು ಹರಿಯ ಮಹಿಮೆಯನ್ನು ಹಾಡುವಾಗ ಡಂಗುರವನ್ನೇ ರೂಪಕವಾಗಿ ಹಿಡಿದರೆಂದರೆ ಅದರ ದನಿ ಜನಮನದಲ್ಲಿ ಎಷ್ಟು ಆಳಕ್ಕೆ ಇಳಿದಿದ್ದಿತೆಂಬುದನ್ನು ಊಹಿಸಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಇಪ್ಪತ್ತೊಂದನೆಯ ಆದೇಶದಲ್ಲಿ, ಸ್ಥಿರಾಸ್ತಿಯನ್ನು ಜಪ್ತಿ ಮಾಡಿದಾಗ ಆ ಸ್ಥಳದಲ್ಲಿ ಡಂಗುರದಿಂದಲೊ ರೂಢಿಯ ಇತರ ರೀತಿಯಿಂದಲೊ ಸಾರಿ, ಆಜ್ಞೆಯ ಪ್ರತಿಯನ್ನು ಆಸ್ತಿಯ ಮೇಲೂ ನ್ಯಾಯಾಲಯದ ಕಟ್ಟಡದ ಮೇಲೂ ಎದ್ದುಕಾಣುವಂತೆ ಅಂಟಿಸಬೇಕೆಂಬ ವಿಧಿಯು ಸೇರಿತು. ತಮಟೆಯೂ ಕಾಗದವೂ ಅಲ್ಲಿ ಒಂದೇ ವಾಕ್ಯದಲ್ಲಿ ಕೂಡಿಕೊಂಡಿವೆ.

ಕಾಗದದ ಯುಗವು ಮೈಸೂರಿಗೆ ನಿಯತವಾಗಿ ಕಾಲಿಟ್ಟುದು ಕಮಿಷನರ್ ಬೌರಿಂಗರ ಕಾಲದಲ್ಲಿ. 1866ರಲ್ಲಿ ‘ಮೈಸೂರು ಗೆಜೆಟ್’ ಆರಂಭವಾಯಿತು. ಸರ್ಕಾರಿ ಇಲಾಖೆಗಳಿಗಾಗಿ ಅಠಾರಾ ಕಚೇರಿಯ ಕೆಂಪು ಕಟ್ಟಡವು ಬೆಂಗಳೂರಿನಲ್ಲಿ ಮೇಲೇಳುತ್ತಿದ್ದುದೂ ಅದೇ ವರ್ಷಗಳಲ್ಲಿ. ಗೆಜೆಟ್ಟಿನಿಂದ ಆಡಳಿತಕ್ಕೆ ಆದ ಲಾಭ ದೊಡ್ಡದು: ಆಜ್ಞೆಗೆ ತಾರೀಖು ಬಂದಿತು, ಪಾಠಕ್ಕೆ ಸ್ಥಿರತೆ ಬಂದಿತು, ಶಿವಮೊಗ್ಗದ ಅಮಲ್ದಾರನೂ ಕೋಲಾರದ ಅಮಲ್ದಾರನೂ ಒಂದೇ ಮಾತನ್ನು ಓದುವಂತಾಯಿತು. ಆದರೆ ಕಾನೂನಿನ ಮೂಲಪಾಠವು ಇಂಗ್ಲಿಷಿನದು, ಓದುವವರು ಕಚೇರಿಯವರು ಮತ್ತು ವಕೀಲರು. ಕಲ್ಲಿನ ಸ್ಥಾನಕ್ಕೆ ಕಾಗದವು ಬಂದಿತೇ ಹೊರತು ಭೇರಿಯ ಸ್ಥಾನಕ್ಕೆ ಹೊಸದೇನೂ ಬರಲಿಲ್ಲ.

ಈ ಕೊರತೆಯನ್ನು ಕಂಡವರು ದಿವಾನ್ ಸಿ. ವಿ. ರಂಗಾಚಾರ್ಲು. 1881ರ ಮಾರ್ಚ್ 25ರಂದು ಐವತ್ತು ವರ್ಷಗಳ ಕಮಿಷನರ್ ಆಡಳಿತವು ಮುಗಿದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತು. ಅದಾದ ಐದೇ ತಿಂಗಳಲ್ಲಿ, ಆಗಸ್ಟ್ 25ರಂದು, ಪ್ರಜಾಪ್ರತಿನಿಧಿ ಸಭೆಯನ್ನು ಕರೆಯುವ ಆಜ್ಞೆ ಹೊರಟಿತು. ಸರ್ಕಾರದ ಕ್ರಮಗಳ ಉದ್ದೇಶವನ್ನು, ಅವು ಯಾರ ಒಳಿತಿಗಾಗಿ ಹುಟ್ಟಿವೆಯೊ ಆ ಜನರು ಚೆನ್ನಾಗಿ ಅರಿತುಕೊಳ್ಳುವಂತಾಗಬೇಕೆಂಬುದು ಅದರ ಇಂಗಿತ. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಕೂಡಿದರು. ಜಮೀನುದಾರರು, ವರ್ತಕರು, ತಾಲ್ಲೂಕುಗಳ ಮುಖಂಡರು. ದಸರೆಗೆ ಹೇಗೂ ಬರುವ ಜನರನ್ನು ಹಿಡಿದು ಕೂರಿಸಿ ರಾಜ್ಯದ ಲೆಕ್ಕವನ್ನು ಒಪ್ಪಿಸುವ ಈ ಯೋಜನೆಯಲ್ಲಿ ಸಂತೆಯ ದಿನದ ವಿವೇಕವೇ ವಿಶಾಲವಾಗಿ ಕಾಣಿಸುತ್ತದೆ. ಆ ಸಭೆಗೆ ಆಗ ಕಾನೂನು ಮಾಡುವ ಅಧಿಕಾರವಿರಲಿಲ್ಲವೆಂದು ಹಗುರವಾಗಿ ಮಾತನಾಡುವವರುಂಟು. ಅಧಿಕಾರವಿರಲಿಲ್ಲವೆಂಬುದು ದಿಟ, ಆದರೆ ಸರ್ಕಾರವು ತಾನು ಮಾಡಿದ್ದನ್ನು ಜನರ ಮುಖಕ್ಕೆ ಮುಖವಿಟ್ಟು ಹೇಳಲೇಬೇಕಾದ ಒಂದು ದಿನವು ಪಂಚಾಂಗದಲ್ಲಿ ಸೇರಿತಲ್ಲ, ಅದು ಅಂದಿನ ಹಿಂದೂಸ್ಥಾನದ ದೇಶೀಯ ಸಂಸ್ಥಾನಗಳಲ್ಲಿ ಅಪೂರ್ವವಾದ ಸಂಗತಿ. ರಂಗಾಚಾರ್ಲುರವರು 1883ರ ಜನವರಿಯಲ್ಲಿ ತೀರಿಕೊಂಡರು; ಸಭೆಯು ಉಳಿದು ಬೆಳೆಯಿತು.

ಆ ಸಭೆಯು ಮೊದಲು ಕೂಡಿದ ಹದಿನೇಳು ವರ್ಷಗಳ ಮೇಲೆ ಬೆಂಗಳೂರಿಗೆ ಮಹಾಮಾರಿ ಬಂದಿತು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿ, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆ, ಅಕ್ಕಿಪೇಟೆಗಳ ಇಕ್ಕಟ್ಟಾದ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಕೆಳಗೆ ದವಸದ ಮಳಿಗೆ, ಮೇಲೆ ಸಂಸಾರ, ಮಳೆಗಾಲದ ತೇವ. ‘ಇಲಿ ಬಿತ್ತು’ ಎಂಬ ಎರಡು ಪದಗಳು ಕೇರಿಯಿಂದ ಕೇರಿಗೆ ಓಡಿದರೆ ಸಾಕು, ಜನ ಗಂಟುಮೂಟೆ ಕಟ್ಟುತ್ತಿದ್ದರು. ಸರ್ಕಾರದ ಯಾವ ಪ್ರಕಟಣೆಯೂ ಅಷ್ಟು ವೇಗವಾಗಿ ನಡೆದುದಿಲ್ಲ. ರೋಗದ ಕ್ರಿಮಿಯನ್ನು 1894ರಲ್ಲಿ ಯೆರ್ಸಿನ್ ಗುರುತಿಸಿದ್ದರೂ, ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುವುದೆಂದು ಸಿಮೊಂಡ್ ತೋರಿಸಿದುದು ಅದೇ 1898ರಲ್ಲಿ. ವೈದ್ಯಲೋಕವು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಬೇಕಾದುವು. ಕಟ್ಟಳೆಗಳನ್ನು ಮಾಡುವವರಿಗೂ ಅವಕ್ಕೆ ತಲೆಬಾಗುವವರಿಗೂ ಕಾರಣವು ಸಮನಾಗಿ ಮರೆಯಾಗಿದ್ದಿತು.

ರಾಜ್ಯದಲ್ಲಿ ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ರೀಜೆನ್ಸಿ, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಪ್ಲೇಗ್ ಕಮಿಷನರಾಗಿ ವಿ. ಪಿ. ಮಾಧವರಾಯರು. ಬ್ರಿಟಿಷ್ ಇಂಡಿಯದಲ್ಲಿ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿದ್ದಿತು. ಮೈಸೂರೂ ಅದೇ ಮಾದರಿಯ ಅಧಿಕಾರಗಳನ್ನು ಪಡೆದುಕೊಂಡು ಸಿದ್ಧವಾಗಿದ್ದಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಗಳ ಪ್ರತ್ಯೇಕ ವಾಸ, ಸೋಂಕು ತಗುಲಿದ ಮನೆಯವರನ್ನು ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸುವುದು, ಮನೆಗೆ ಔಷಧಿ ಹೊಡೆದು ಗಾಳಿ ಬೆಳಕು ಬರುವಂತೆ ಮಾಡುವುದು, ಶವಗಳ ಪರೀಕ್ಷೆ. ಕಾಗದದ ಮೇಲೆ ಇವುಗಳಲ್ಲಿ ಅಸಂಗತವಾದುದು ಯಾವುದೂ ಇಲ್ಲ. ಆದರೆ ಈ ಕಟ್ಟಳೆಯು ಮನೆಯ ಹೊಸ್ತಿಲಿಗೆ ಬಂದುದು ಕಾಗದದ ರೂಪದಲ್ಲಲ್ಲ; ಗುರುತಿಲ್ಲದ ಅಧಿಕಾರಿಯ, ಪೊಲೀಸಿನ ಜವಾನನ ರೂಪದಲ್ಲಿ. ಅಡುಗೆಮನೆಗೂ ದೇವರ ಮನೆಗೂ ಅನ್ಯರು ನುಗ್ಗುವುದು, ಹೆಂಗಸರನ್ನು ಪರೀಕ್ಷಿಸುವುದು, ಸತ್ತವರಿಗೆ ಸಂಸ್ಕಾರ ಮಾಡಲು ಅಪ್ಪಣೆ ಬೇಕೆನ್ನುವುದು, ಇವನ್ನು ಏಕೆಂದು ಮೊದಲೇ ತಿಳಿಸಿ ಹೇಳಿದವರು ಬಹಳ ಮಂದಿ ಇರಲಿಲ್ಲ. ಪುಣೆಯಲ್ಲಿ ಇಂಥ ಕ್ರಮಗಳ ಕಾಠಿನ್ಯಕ್ಕೆ ಪ್ರತಿಯಾಗಿ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿದ್ದಿತು. ಮೈಸೂರು ಸೀಮೆಯಲ್ಲಿಯೂ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲಿ ಜನರು ಗುಂಪುಗೂಡಿ ದಂಗೆಯೆದ್ದರು. ಶವಗಳನ್ನು ಬಚ್ಚಿಡುವುದು, ರೋಗಿಯನ್ನು ರಾತ್ರೋರಾತ್ರಿ ನಂಟರ ಊರಿಗೆ ಸಾಗಿಸುವುದು ಎಲ್ಲ ಕಡೆಯೂ ನಡೆಯಿತು. ಇದನ್ನು ಜನರ ಅಜ್ಞಾನವೆಂದು ಅಂದಿನ ವರದಿಗಾರರು ಬರೆದುಬಿಟ್ಟರೆ ಬರೆಯಲಿ. ಕಟ್ಟಳೆಯ ಶಿಕ್ಷೆಯನ್ನು ಸಾರಿ, ಅದರ ಕಾರಣವನ್ನು ಸಾರದೆ ಬಿಟ್ಟ ಕಡೆಯಲ್ಲೆಲ್ಲ ಹೀಗೆಯೇ ಆದೀತು; ಸಾರುವಿಕೆಯಲ್ಲಿ ಕಾರಣವೂ ಸೇರಬೇಕೆಂಬುದನ್ನು ರಂಗಾಚಾರ್ಲುರವರು ಕಂಡಿದ್ದರು, ಪ್ಲೇಗಿನ ಭಯದಲ್ಲಿ ರಾಜ್ಯವು ಅದನ್ನು ಸ್ವಲ್ಪಕಾಲ ಮರೆತಿದ್ದಿತು.

ಬೆಂಗಳೂರಿನ ಪರಿಸ್ಥಿತಿಯಲ್ಲಿ ಇನ್ನೊಂದು ತೊಡಕಿದ್ದಿತು. ಊರು ಒಂದು, ಆಳುವ ಕೈಗಳು ಎರಡು. ಪೇಟೆಯೂ ಕೋಟೆಯೂ ಮಹಾರಾಜರ ಸರ್ಕಾರಕ್ಕೆ ಸೇರಿದುವು. ಹಲಸೂರಿನ ಕಡೆಯ ದಂಡು ಪ್ರದೇಶವು 1881ರ ಒಪ್ಪಂದದಂತೆ ಬ್ರಿಟಿಷ್ ರೆಸಿಡೆಂಟರ ಅಧೀನ. ಮೈಸೂರಿನ ರೆಗ್ಯುಲೇಷನ್ ದಂಡಿನಲ್ಲಿ ನಡೆಯದು. ಅಲ್ಲಿಯ ಅಧಿಸೂಚನೆ ಪೇಟೆಯಲ್ಲಿ ನಡೆಯದು. ಪೇಟೆಯಲ್ಲಿ ದವಸ ಕೊಂಡು ದಂಡಿನಲ್ಲಿ ಮಾರುವ ವರ್ತಕನು ಒಂದೇ ಹಗಲಿನಲ್ಲಿ ಎರಡು ಕಾನೂನುಗಳ ಕೆಳಗೆ ನಡೆದಾಡಿ ಬರುತ್ತಿದ್ದನು. ಇಲಿಗೂ ಚಿಗಟಕ್ಕೂ ಈ ಎಲ್ಲೆಯು ಗೊತ್ತಿರಲಿಲ್ಲ. ಎರಡು ಕಡೆಯಲ್ಲಿಯೂ ಸಾವು ಒಂದೇ ಸಮನೆ ನಡೆಯಿತು. 1891ರ ಜನಗಣತಿಯಲ್ಲಿ ದಂಡೂ ಸೇರಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆಯು 1901ರಲ್ಲಿ 1,59,046ಕ್ಕೆ ಇಳಿದಿದ್ದಿತು. ಸತ್ತವರೂ ಊರು ಬಿಟ್ಟು ಹೋದವರೂ ಸೇರಿ ಆದ ಇಳಿತವಿದು. ಊರಿನ ಹಲವೆಡೆಗಳಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದುದು ಈ ಕಾಲದ ಭೀತಿಯಿಂದಲೇ.

ಪೇಟೆಯ ಇಕ್ಕಟ್ಟನ್ನು ಸಡಿಲಿಸಲು 1892ರಲ್ಲಿಯೇ ಚಾಮರಾಜಪೇಟೆಯು ಮಹಾರಾಜರ ಹೆಸರಿನಲ್ಲಿ ರೂಪುಗೊಂಡಿದ್ದಿತು. ಪ್ಲೇಗಿನ ವರ್ಷದಲ್ಲಿ ದಕ್ಷಿಣಕ್ಕೆ ಬಸವನಗುಡಿಯೂ ಉತ್ತರಕ್ಕೆ ಮಲ್ಲೇಶ್ವರವೂ ನಕ್ಷೆಯಿಂದ ನೆಲಕ್ಕಿಳಿದುವು: ಒಂದು ಸುಮಾರು 440 ಎಕರೆ, ಹದಿನಾಲ್ಕು ವಿಭಾಗ, ಇನ್ನೊಂದು ಸುಮಾರು 291 ಎಕರೆ, ಎಂಟು ವಿಭಾಗ. ನೇರವಾದ ರಸ್ತೆಗಳು, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ನೈರ್ಮಲ್ಯಕ್ಕಾಗಿ ಬಿಟ್ಟ ಕಿರುಗಲ್ಲಿಗಳು. ವಿಭಾಗಗಳನ್ನು ಜಾತಿಗಳಿಗೆ ಅನುಸಾರವಾಗಿ ಹಂಚಿದುದೂ ಆ ನಕ್ಷೆಯ ಭಾಗವೇ ಆಗಿದ್ದಿತೆಂಬುದನ್ನು ಮರೆಮಾಚಲಾಗದು. ಇಂದಿಗೂ ಬಸವನಗುಡಿಯಲ್ಲಿ ಕೆಲವು ಬೀದಿಗಳ ಮಠಮಂದಿರಗಳ ಸಾಲನ್ನು ನೋಡಿದರೆ ಆ ಹಂಚಿಕೆಯ ಗುರುತು ತಿಳಿಯುತ್ತದೆ. ಇಷ್ಟು ಅಗಲವನ್ನು ಬಿಟ್ಟು ಮನೆ ಕಟ್ಟು, ಇಷ್ಟು ಎತ್ತರವನ್ನು ಮೀರಬೇಡ ಎಂಬ ಬಗೆಯ ಕಟ್ಟಳೆಯು ಬೆಂಗಳೂರಿನ ಸಾಮಾನ್ಯ ಗೃಹಸ್ಥನ ಬದುಕಿಗೆ ನೇರವಾಗಿ ತಾಗಲಾರಂಭಿಸಿದುದು ಈ ಹೊಸ ಬಡಾವಣೆಗಳಲ್ಲಿಯೇ ಎನ್ನಬಹುದು.

1899ರಲ್ಲಿ, ಪ್ಲೇಗಿನ ಹಾವಳಿಯು ಇನ್ನೂ ಮುಗಿಯದಿದ್ದಾಗ, ಮೈಸೂರು ಸರ್ಕಾರವು ಸಾಮಾನ್ಯ ಖಂಡಗಳ ಶಾಸನವನ್ನು ಮಾಡಿತು. ಕಾನೂನುಗಳಲ್ಲಿ ಬಳಸುವ ಮಾತುಗಳ ಅರ್ಥವೇನು, ಅವು ಯಾವಾಗಿನಿಂದ ನಡೆಯತಕ್ಕವು, ನಿಯಮಗಳನ್ನು ಹೇಗೆ ಪ್ರಕಟಿಸತಕ್ಕದ್ದು ಎಂಬ ಒಣ ಸಂಗತಿಗಳ ಈ ಶಾಸನವು ಅಂದು ಯಾರ ಗಮನವನ್ನೂ ಸೆಳೆಯುವಂಥದಲ್ಲ; ಆದರೂ ಕರ್ನಾಟಕದಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ. 1907ರಲ್ಲಿ ಮಾಧವರಾಯರೇ ದಿವಾನರಾಗಿದ್ದಾಗ ನ್ಯಾಯವಿಧಾಯಕ ಸಭೆಯು ಏರ್ಪಟ್ಟಿತು. ಮರುವರ್ಷವೇ ಅದೇ ಸರ್ಕಾರದಿಂದ ವೃತ್ತಪತ್ರಿಕೆಗಳನ್ನು ಬಿಗಿಹಿಡಿಯುವ ರೆಗ್ಯುಲೇಷನ್ ಹೊರಟಿತು. ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಗೆಜೆಟ್ಟಿನ ಇಂಗ್ಲಿಷನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಹೊಸ ಕಟ್ಟಳೆಯ ಸಾಧಕಬಾಧಕಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದವು ಆ ಪತ್ರಿಕೆಗಳು. ಭೇರಿಯ ಕೆಲಸವನ್ನು ಹೊತ್ತಿದ್ದವರ ಬಾಯಿಯನ್ನು ಕಟ್ಟಲು ಕಲ್ಲಿನ ಕೆಲಸವನ್ನು ಹೊತ್ತಿದ್ದ ಗೆಜೆಟ್ಟೇ ಉಪಯೋಗಕ್ಕೆ ಬಂದುದು ವಿಷಾದದ ಸಂಗತಿ. ತರುಣ ಪತ್ರಿಕೋದ್ಯೋಗಿಯಾಗಿದ್ದ ಡಿ. ವಿ. ಗುಂಡಪ್ಪನವರು ಈ ಕಾಲದ ಬಿಸಿಯನ್ನು ಉಂಡವರು. ಆಡಳಿತದ ವಿಷಯಗಳನ್ನು ಪ್ರಜೆಯು ಓದಿ ಚರ್ಚಿಸತಕ್ಕ ಒಂದು ಸ್ಥಳವಿರಬೇಕೆಂದು 1945ರಲ್ಲಿ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದಕ್ಕೂ, ಅದು ಬಸವನಗುಡಿಯ ಪ್ರದೇಶದಲ್ಲಿ ನೆಲೆಗೊಂಡುದಕ್ಕೂ ಈ ಅನುಭವದ ಹಿನ್ನೆಲೆಯುಂಟೆಂದು ಭಾವಿಸಿದರೆ ತಪ್ಪಾಗದು. ಅಷ್ಟರೊಳಗೆ 1923ರ ಸುಧಾರಣೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಮಸೂದೆಗಳನ್ನು ನ್ಯಾಯವಿಧಾಯಕ ಸಭೆಗೆ ತರುವ ಮುನ್ನ ಅದರ ಅಭಿಪ್ರಾಯವನ್ನು ಕೇಳುವುದು ರೂಢಿಯಾಗಿ ನಿಂತಿದ್ದಿತು. ಮಾಡಿದ ಮೇಲೆ ಸಾರುವುದಕ್ಕಿಂತ ಮಾಡುವ ಮೊದಲೇ ತೋರಿಸುವುದು ಮೇಲೆಂಬ ರೋಮನ್ನರ ತಿಳಿವಳಿಕೆಗೆ ಮೈಸೂರು ತನ್ನದೇ ದಾರಿಯಿಂದ ಬಂದು ಸೇರಿತು.

ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ಎದುರಿಸಿದುದು 1951ರಲ್ಲಿ, ಇನ್ನೊಂದು ದೇಶೀಯ ಸಂಸ್ಥಾನದ ಕಾನೂನಿನ ವಿಚಾರವಾಗಿ. ಜಯಪುರದ ಮಂತ್ರಿಮಂಡಲವು 1923ರ ಡಿಸೆಂಬರಿನಲ್ಲಿ ಒಂದು ನಿರ್ಣಯದಿಂದ ಅಫೀಮಿನ ಕಾಯಿದೆಯನ್ನು ಮಾಡಿದ್ದಿತು. ಅದನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕಲಿಲ್ಲ, ಊರಿನಲ್ಲಿ ಸಾರಲಿಲ್ಲ. ಬಹುಕಾಲದ ಮೇಲೆ ಅದರ ಕೆಳಗೆ ಒಬ್ಬನಿಗೆ ಶಿಕ್ಷೆಯಾಯಿತು. ನ್ಯಾಯಮೂರ್ತಿ ವಿವಿಯನ್ ಬೋಸರು ಆ ಶಿಕ್ಷೆಯನ್ನು ತೆಗೆದುಹಾಕಿದರು. ಯಾರಿಗೂ ಕಾಣದಂತೆ, ಯಾರೂ ತಿಳಿಯಲಾಗದಂತೆ ಮಾಡಿದ ನಿರ್ಣಯದಿಂದ ಪ್ರಜೆಯನ್ನು ದಂಡಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದೂ, ಗೆಜೆಟ್ಟಿನ ಮೂಲಕವಾಗಲಿ ಇತರ ಯುಕ್ತವಾದ ರೀತಿಯಿಂದಾಗಲಿ ಪ್ರಖ್ಯಾಪಿಸಿದ ಹೊರತು ಕಾನೂನು ಜೀವ ತಳೆಯದೆಂದೂ ಅವರು ತೀರ್ಮಾನಿಸಿದರು.

ಬೆಂಗಳೂರಿನ ಸರದಿ 1987ರ ಜನವರಿಯಲ್ಲಿ ಬಂದಿತು. ನಗರದ ಬಡಾವಣೆಗಳಲ್ಲಿ ತಲೆಯೆತ್ತುತ್ತಿದ್ದ ಬಹು ಅಂತಸ್ತಿನ ಕಟ್ಟಡಗಳನ್ನು ಕುರಿತ ವ್ಯಾಜ್ಯವದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ತಯಾರಾದ ಬೆಂಗಳೂರಿನ ರೂಪರೇಖಾ ಯೋಜನೆ ಮತ್ತು ಅದರ ನಿಬಂಧನೆಗಳು ವಿಧಿವತ್ತಾಗಿ ಪ್ರಕಟವೇ ಆಗಿಲ್ಲ, ಆದುದರಿಂದ ಅವು ನಮ್ಮನ್ನು ಕಟ್ಟವು ಎಂಬ ವಾದ ಎದ್ದಿತು. ಗೆಜೆಟ್ಟಿನಲ್ಲಿ ಬಂದಿದ್ದುದು ಯೋಜನೆಯ ಪೂರ್ಣ ಪಾಠವಲ್ಲ. ಅದರ ಪ್ರತಿಯನ್ನು ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ಬಂದು ನೋಡಬಹುದೆಂಬ ಸೂಚನೆ. ನ್ಯಾಯಮೂರ್ತಿ ಓ. ಚಿನ್ನಪ್ಪರೆಡ್ಡಿಯವರ ತೀರ್ಪು ಈ ವಿಷಯದಲ್ಲಿ ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳಿತು: ಶಾಸನಸಭೆಯ ಕಾನೂನು ಬಯಲಿನಲ್ಲಿ, ಚರ್ಚೆಯ ನಡುವೆ ಹುಟ್ಟುತ್ತದೆ, ಅಧೀನ ನಿಯಮಗಳಾದರೊ ಮಂತ್ರಿಯ ಅಥವಾ ಕಾರ್ಯದರ್ಶಿಯ ಕೋಣೆಯೊಳಗೆ ಸದ್ದಿಲ್ಲದೆ ಹುಟ್ಟುವುದುಂಟು, ಆದಕಾರಣ ಅವಕ್ಕೆ ಪ್ರಕಟಣೆಯು ಇನ್ನೂ ಹೆಚ್ಚಾಗಿ ಬೇಕು. ಮೂಲ ಕಾಯಿದೆಯೇ ರೀತಿಯನ್ನು ವಿಧಿಸಿದ್ದರೆ ಆ ರೀತಿಯಲ್ಲಿ, ಇಲ್ಲವಾದರೆ ರೂಢಿಯಿಂದ ಮಾನ್ಯವಾದ ಗೆಜೆಟ್ಟಿನ ಮೂಲಕ. ಕಚೇರಿಯಲ್ಲಿ ನೋಡಬಹುದೆಂಬ ಸೂಚನೆಯು ಈ ಸಂದರ್ಭದಲ್ಲಿ ಸಾಕೆಂದು ನ್ಯಾಯಾಲಯವು ಒಪ್ಪಿ, ಯೋಜನೆಯನ್ನು ಎತ್ತಿಹಿಡಿಯಿತು. ಫಲಿತಾಂಶವು ನಗರದ ಹಿತಕ್ಕೆ ಒದಗಿತೆಂಬುದನ್ನು ಒಪ್ಪುತ್ತೇನೆ. ಆದರೆ ಮಲ್ಲೇಶ್ವರದ ಗೃಹಸ್ಥನು ತನ್ನ ನೆರೆಯ ನಿವೇಶನದಲ್ಲಿ ಎಷ್ಟು ಅಂತಸ್ತು ಏಳಬಹುದೆಂಬುದನ್ನು ತಿಳಿಯಲು ಕಚೇರಿಯನ್ನು ಹುಡುಕಿಕೊಂಡು ಹೋಗಿ, ಗುಮಾಸ್ತನನ್ನು ಒಲಿಸಿ, ನಕ್ಷೆಯನ್ನು ಬಿಡಿಸಿ ನೋಡಬೇಕಾದುದನ್ನು ‘ಸಾರುವುದು’ ಎನ್ನಲು ನನ್ನ ಮನಸ್ಸು ಹಿಂಜರಿಯುತ್ತದೆ.

1963ರ ಕಾಯಿದೆಯಿಂದ ಕನ್ನಡವು ರಾಜ್ಯದ ಆಡಳಿತ ಭಾಷೆಯಾಯಿತು. ಗೆಜೆಟ್ಟು ‘ಕರ್ನಾಟಕ ರಾಜ್ಯಪತ್ರ’ವಾಗಿ, ‘ಅಧಿಕೃತವಾಗಿ ಪ್ರಕಟಿಸಲಾದುದು’ ಎಂಬ ಸಾಲನ್ನು ತಲೆಯ ಮೇಲೆ ಹೊತ್ತು ಹೊರಬರುತ್ತದೆ. ಸಂಪುಟಗಳ ಎಣಿಕೆ 1866ರಿಂದ ತಪ್ಪದೆ ನಡೆದಿದೆ. ಅದರ ನೂರೈವತ್ತೈದನೆಯ ಸಂಪುಟದ ವರ್ಷ 2020. ಆ ವರ್ಷ ಬೆಂಗಳೂರಿಗೆ ಮತ್ತೊಂದು ಸಾಂಕ್ರಾಮಿಕವು ಬಂದು, ಏಪ್ರಿಲಿನಲ್ಲಿ ಚಾಮರಾಜಪೇಟೆಗೆ ಹೊಂದಿಕೊಂಡ ಪಾದರಾಯನಪುರದಲ್ಲಿ ಸೋಂಕಿತರ ಸಂಪರ್ಕದವರನ್ನು ಕರೆದೊಯ್ಯಲು ಹೋದ ಆರೋಗ್ಯ ಕಾರ್ಯಕರ್ತರಿಗೂ ಜನರಿಗೂ ಘರ್ಷಣೆಯಾದ ಕೆಲವೇ ದಿನಗಳಲ್ಲಿ, ರಾಜ್ಯಪಾಲರು ಸಂವಿಧಾನದ 213ನೆಯ ಅನುಚ್ಛೇದದಂತೆ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧ್ಯಾದೇಶವನ್ನು ಪ್ರಖ್ಯಾಪಿಸಿದರು. ಪಠ್ಯವು ವಿಶೇಷ ರಾಜ್ಯಪತ್ರದಲ್ಲಿ ಅಚ್ಚಾಯಿತು. ಹೊರಗೆ ಬಾರದಿರಿ, ಮೂಗುಬಾಯಿಗಳನ್ನು ಮುಚ್ಚಿಕೊಳ್ಳಿ ಎಂಬ ಮಾತುಗಳು ಧ್ವನಿವರ್ಧಕ ಕಟ್ಟಿದ ಆಟೋಗಳಿಂದಲೂ ಪೊಲೀಸರ ವಾಹನಗಳಿಂದಲೂ ಬೀದಿಬೀದಿಗಳಲ್ಲಿ ಕೇಳಿಬಂದುವು. ಶಾಸನಸಭೆ ಮತ್ತೆ ಸೇರಿದ ಮೇಲೆ ಆರು ವಾರಗಳಿಗಿಂತ ಹೆಚ್ಚು ಅಧ್ಯಾದೇಶವು ಬದುಕಲಾರದಾದ್ದರಿಂದ, ಅದನ್ನು ಅದೇ ವರ್ಷ ಉಭಯ ಸದನಗಳ ಮುಂದಿಟ್ಟು ಅಧಿನಿಯಮವನ್ನಾಗಿ ಮಾಡಿ, ಮತ್ತೊಮ್ಮೆ ಪ್ರಕಟಿಸಲಾಯಿತು.